ಫಿನೋಬಾರ್ಬಿಟೋನ್ ಸೇವಿಸುವವರ ಇನ್ಸುಲಿನ್ ಪರೀಕ್ಷೆ: ಕೋಲಾರದ ಈ ಲ್ಯಾಬ್ ಕುರಿತು

ಮೂರ್ಛೆರೋಗಕ್ಕೆಂದು ವರ್ಷಾನುಗಟ್ಟಲೆ ಫಿನೋಬಾರ್ಬಿಟೋನ್ ಮಾತ್ರೆ ಸೇವಿಸುತ್ತಿರುವವರಿಗೆ ಖಾಲಿ ಹೊಟ್ಟೆಯ ಇನ್ಸುಲಿನ್ ಪರೀಕ್ಷೆ ಮಾಡಿಸಬೇಕಾಗಿ ಬಂದರೆ, ಕೋಲಾರ ಜಿಲ್ಲೆಯವರು ಬೆಂಗಳೂರಿನ ಬಸ್ಸು ಹತ್ತುವ ಮೊದಲು ಡೂಂಲೈಟ್ ವೃತ್ತದಿಂದ ನಡೆದೇ ತಲುಪಬಹುದಾದ ಈ ಲ್ಯಾಬಿನಲ್ಲಿ ಒಮ್ಮೆ ವಿಚಾರಿಸಬೇಕು ಎಂಬುದು ನನ್ನ ಅಭಿಪ್ರಾಯ. ಕಟ್ಟಡ ಹಳೆಯದು, ಕುರ್ಚಿಗಳು ಸಾಲುವುದಿಲ್ಲ, ಬೆಳಗಿನ ಹೊತ್ತು ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಇಷ್ಟಾದರೂ ನಾನು ಇದಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುತ್ತಿರುವುದಕ್ಕೆ ಕಾರಣವಿದೆ: ಸೂಜಿ ಚುಚ್ಚುವ ಮೊದಲು ಇಲ್ಲಿಯವರು ರೋಗಿ ಯಾವ ಯಾವ ಮಾತ್ರೆ ಸೇವಿಸುತ್ತಾರೆಂದು ಕೇಳುತ್ತಾರೆ, ಕೇಳಿದ್ದನ್ನು ಬರೆದುಕೊಳ್ಳುತ್ತಾರೆ, ಬರೆದುಕೊಂಡದ್ದಕ್ಕೆ ತಕ್ಕಂತೆ ರಕ್ತವನ್ನು ತೆಗೆದು ಕಾಪಾಡುತ್ತಾರೆ.

ನಮ್ಮ ಚಿಕ್ಕಪ್ಪ ಶ್ರೀನಿವಾಸಪುರ ತಾಲ್ಲೂಕಿನ ರೇಷ್ಮೆ ಬೆಳೆಗಾರರು. ಹರೆಯದಲ್ಲೇ ಮೂರ್ಛೆರೋಗ ಕಾಣಿಸಿಕೊಂಡಾಗ ವೈದ್ಯರು ಬರೆದುಕೊಟ್ಟ ಫಿನೋಬಾರ್ಬಿಟೋನನ್ನು ಅವರು ಇಂದಿಗೂ ರಾತ್ರಿ ಮಲಗುವ ಮುನ್ನ 60 ಮಿಲಿಗ್ರಾಂನ ಎರಡು ಮಾತ್ರೆಯಂತೆ ಸೇವಿಸುತ್ತಾರೆ, ಮತ್ತು ಅದರ ದಯದಿಂದ ಬಹುಕಾಲದಿಂದ ಫಿಟ್ಸ್ ಬಂದಿಲ್ಲ. ಇಷ್ಟು ಹಳೆಯ ಔಷಧ ಇನ್ನೂ ಏಕೆ ಎಂದು ಕೇಳುವವರಿದ್ದಾರೆ. ಅಂಥವರು ನಮ್ಮ ರಾಜ್ಯದ್ದೇ ಆದ ಯಳಂದೂರು ಅಧ್ಯಯನವನ್ನು ತಿಳಿದುಕೊಳ್ಳಬೇಕು. ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನ ಹಳ್ಳಿಗಳಲ್ಲಿ ಫಿನೋಬಾರ್ಬಿಟೋನ್ ಅಥವಾ ಫೆನಿಟೋಯಿನ್ ಎಂಬ ಅಗ್ಗದ ಔಷಧಗಳಿಂದಲೇ ಮೂರ್ಛೆರೋಗವನ್ನು ಹತೋಟಿಗೆ ತರಬಹುದೆಂದು ತೋರಿಸಿದ ಆ ಕೆಲಸ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಡವರ ಕೈಗೆಟಕುವ ಈ ಮಾತ್ರೆಯನ್ನು ಹೀಗಳೆಯುವುದು ನನಗೆ ಸರಿ ಕಾಣುವುದಿಲ್ಲ.

ಇತ್ತೀಚೆಗೆ ಚಿಕ್ಕಪ್ಪನ ಕುತ್ತಿಗೆಯ ಹಿಂಭಾಗದ ಚರ್ಮ ಕಪ್ಪಗೆ, ದಪ್ಪಗೆ, ವೆಲ್ವೆಟ್ ಬಟ್ಟೆಯಂತೆ ಆಗಿತ್ತು. ಸೊಂಟದ ಸುತ್ತಳತೆ ಏರಿತ್ತು. ರಕ್ತದಲ್ಲಿ ಇನ್ಸುಲಿನ್ ಅಗತ್ಯಕ್ಕಿಂತ ಹೆಚ್ಚಾದಾಗ ಕಾಣುವ ಲಕ್ಷಣಗಳಲ್ಲಿ ಕುತ್ತಿಗೆಯ ಈ ಕಪ್ಪು ಮುಖ್ಯವಾದದ್ದು. ವೈದ್ಯರು ಸಕ್ಕರೆಯ ಜೊತೆಗೆ ಇನ್ಸುಲಿನ್ ಪ್ರಮಾಣವನ್ನೂ ನೋಡಿಸಿ ಎಂದರು. ಮೊದಲು ಊರಿಗೆ ಹತ್ತಿರದ ಒಂದು ಸಂಗ್ರಹ ಕೇಂದ್ರದಲ್ಲಿ ರಕ್ತ ಕೊಟ್ಟೆವು. ಅಲ್ಲಿ ತೆಗೆದ ನಳಿಕೆಗಳು ಮಧ್ಯಾಹ್ನ ಬೈಕಿನವರು ಬರುವವರೆಗೆ ಮೇಜಿನ ಮೇಲೆಯೇ ನಿಂತಿದ್ದವು. ಇನ್ಸುಲಿನ್ 6.1, ಅಂದರೆ ಹೆಚ್ಚೇನೂ ಇಲ್ಲ ಎಂದು ರಿಪೋರ್ಟ್ ಬಂತು. ಕುತ್ತಿಗೆ, ಸೊಂಟ, ಸಕ್ಕರೆ ಮೂರನ್ನೂ ಎದುರಿಗಿಟ್ಟುಕೊಂಡಿದ್ದ ವೈದ್ಯರು ಆ ಅಂಕಿಯನ್ನು ನಂಬಲಿಲ್ಲ, ಸ್ಯಾಂಪಲ್ ಹೇಗೆ ಹೋಯಿತು ಎಂದು ಕೇಳಿದರು, ಮತ್ತೊಮ್ಮೆ ಬೇರೆ ಕಡೆ ಮಾಡಿಸಿ ಎಂದು ಈ ಲ್ಯಾಬಿಗೆ ಚೀಟಿ ಬರೆದರು.

ಅವರು ಸ್ಯಾಂಪಲ್ ಬಗ್ಗೆ ಏಕೆ ಕೇಳಿದರು ಎಂಬುದು ಇಲ್ಲಿ ಬಂದ ಮೇಲೆ ಅರ್ಥವಾಯಿತು. ಕೆಂಪು ರಕ್ತಕಣಗಳೊಳಗೆ ಇನ್ಸುಲಿನ್ನನ್ನು ಒಡೆಯುವ ಕಿಣ್ವವಿದೆ. ರಕ್ತವನ್ನು ಬೇಗ ಯಂತ್ರದಲ್ಲಿ ತಿರುಗಿಸಿ ಸೀರಂ ಎಂಬ ತಿಳಿದ್ರವವನ್ನು ಬೇರ್ಪಡಿಸದಿದ್ದರೆ, ಅಥವಾ ಒರಟಾಗಿ ಎಳೆದು ಕಣಗಳು ಒಡೆದರೆ, ಆ ಕಿಣ್ವ ಹೊರಬಂದು ನಳಿಕೆಯೊಳಗೇ ಇನ್ಸುಲಿನ್ನನ್ನು ಕರಗಿಸತೊಡಗುತ್ತದೆ. ನಿಜವಾಗಿ ಹೆಚ್ಚಿರುವ ಇನ್ಸುಲಿನ್ ಕಾಗದದ ಮೇಲೆ ಕಡಿಮೆಯಾಗಿ ಕಾಣುವುದು ಹೀಗೆ. ಹಾಗಾಗಿ ಈ ಪರೀಕ್ಷೆಯ ಗುಣಮಟ್ಟವನ್ನು ನಿರ್ಧರಿಸುವುದು ಯಂತ್ರದ ಬೆಲೆಗಿಂತ ಹೆಚ್ಚಾಗಿ ಮೊದಲ ಅರ್ಧ ಗಂಟೆಯ ಶಿಸ್ತು.

ಆ ಶಿಸ್ತನ್ನು ನಾನು ಇಲ್ಲಿ ಕಣ್ಣಾರೆ ಕಂಡೆ. ರಕ್ತ ತೆಗೆದ ಹುಡುಗಿ ತೋಳಿಗೆ ಕಟ್ಟಿದ ಪಟ್ಟಿಯನ್ನು ಬಹಳ ಹೊತ್ತು ಬಿಗಿದಿಡಲಿಲ್ಲ. ರಕ್ತವನ್ನು ನಿಧಾನವಾಗಿ ಎಳೆದಳು. ಹಳದಿ ಮುಚ್ಚಳದ, ಅಡಿಯಲ್ಲಿ ಜೆಲ್ ಇರುವ ನಳಿಕೆಗೆ ಇನ್ಸುಲಿನ್ ಮತ್ತು ಯಕೃತ್ತಿನ ಪರೀಕ್ಷೆಗಳ ರಕ್ತ ಹೋಯಿತು. ಫಿನೋಬಾರ್ಬಿಟೋನ್ ಪ್ರಮಾಣ ನೋಡಲು ಬೇಕಾದ ರಕ್ತವನ್ನು ಮಾತ್ರ ಬೇರೆಯಾಗಿ ಕೆಂಪು ಮುಚ್ಚಳದ ಸಾದಾ ನಳಿಕೆಗೆ ಹಾಕಿದಳು. ಏಕೆಂದು ಕೇಳಿದಾಗ, ಕೆಲವು ಔಷಧಗಳನ್ನು ಆ ಜೆಲ್ ಹೀರಿಕೊಳ್ಳುತ್ತದೆ, ಹೆಚ್ಚು ಹೊತ್ತು ನಿಂತರೆ ಪ್ರಮಾಣ ಕಡಿಮೆ ಬರುತ್ತದೆ ಎಂದು ತಲೆಯೆತ್ತದೆಯೇ ಉತ್ತರಿಸಿದಳು. ನಳಿಕೆಗಳ ಮೇಲೆ ಹೆಸರಿನೊಂದಿಗೆ ರಕ್ತ ತೆಗೆದ ಸಮಯವನ್ನು ನಮ್ಮೆದುರೇ ಬರೆದಳು. ರಕ್ತ ಹೆಪ್ಪುಗಟ್ಟಿದ ಕೂಡಲೇ ಒಳಕೋಣೆಯ ಸೆಂಟ್ರಿಫ್ಯೂಜ್ ತಿರುಗಿದ ಸದ್ದು ನಮಗೆ ಕೇಳಿಸಿತು. ಈ ಜಿಲ್ಲೆಯಲ್ಲಿ ಇಷ್ಟು ಜಾಗ್ರತೆಯನ್ನು ಕಂಡು ನನಗೆ ನಿಜಕ್ಕೂ ಸಂತೋಷವಾಯಿತು.

ಇನ್ನೂ ಮುಖ್ಯವಾದದ್ದು ಅವರ ಪ್ರಶ್ನಾವಳಿ. "ಫಿಟ್ಸ್ ಮಾತ್ರೆ" ಎಂದಷ್ಟೇ ಚಿಕ್ಕಪ್ಪ ಹೇಳಿದಾಗ ಕೌಂಟರಿನವರು ಅಷ್ಟಕ್ಕೆ ಬಿಡಲಿಲ್ಲ, ಮಾತ್ರೆಯ ಸ್ಟ್ರಿಪ್ಪನ್ನು ತೋರಿಸಿ ಎಂದರು. ಜೇಬಿನಿಂದ ಹೊರಬಂದ ಅರ್ಧ ಖಾಲಿಯಾದ ಸ್ಟ್ರಿಪ್ಪಿನ ಮೇಲಿನ ಹೆಸರನ್ನು ನೋಡಿಯೇ ಬರೆದುಕೊಂಡರು. ಮೂರ್ಛೆರೋಗದ ಎಲ್ಲ ಮಾತ್ರೆಗಳೂ ಇನ್ಸುಲಿನ್ ವಿಷಯದಲ್ಲಿ ಒಂದೇ ಬಗೆಯಾಗಿ ವರ್ತಿಸುವುದಿಲ್ಲ ಎಂಬುದು ಇದರ ಹಿಂದಿನ ಕಾರಣ. ವಾಲ್‌ಪ್ರೊಯೇಟ್ ಎಂಬ ಇನ್ನೊಂದು ಫಿಟ್ಸ್ ಮಾತ್ರೆ ಸೇವಿಸುವವರಲ್ಲಿ ತೂಕ ಏರುವುದೂ ಇನ್ಸುಲಿನ್ ಹೆಚ್ಚಾಗುವುದೂ ಕಂಡುಬಂದಿದೆ. ಫಿನ್ಲೆಂಡಿನ ಔಲು ನಗರದ ಸಂಶೋಧಕರು 1993ರಲ್ಲಿ ಆ ಔಷಧ ಸೇವಿಸುತ್ತಿದ್ದ ಹೆಣ್ಣುಮಕ್ಕಳಲ್ಲಿ ಇನ್ಸುಲಿನ್ ಹೆಚ್ಚಳದೊಂದಿಗೆ ನಂಟಿರುವ ಅಂಡಾಶಯದ ಗುಳ್ಳೆಗಳು ಹೆಚ್ಚಾಗಿ ಕಾಣುತ್ತವೆಂದು ವರದಿ ಮಾಡಿದ ಮೇಲೆ ಈ ಚರ್ಚೆಗೆ ಬಲ ಬಂತು. ಫಿನೋಬಾರ್ಬಿಟೋನ್ ಕುರಿತ ಸಂಶೋಧನೆ ತೋರುವ ದಿಕ್ಕು ಬೇರೆ.

ಆ ದಿಕ್ಕಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಲ್ಯಾಬಿನ ಕೆಲಸದ ಬೆಲೆ ತಿಳಿಯುವುದು ಅದನ್ನು ಅರಿತಾಗಲೇ. ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಚಿಕ್ಕಪ್ಪನ ನಿಮಿತ್ತ ಈ ವಿಷಯವನ್ನು ಸಾಕಷ್ಟು ಓದಿದ್ದೇನೆ. ಫಿನೋಬಾರ್ಬಿಟೋನ್ ಸೇರಿದ ಬಾರ್ಬಿಟ್ಯುರೇಟ್ ಎಂಬ ನಿದ್ದೆಮದ್ದುಗಳ ಕುಲಕ್ಕೂ ಇನ್ಸುಲಿನ್ನಿನ ಕಥೆಗೂ ಆರಂಭದಲ್ಲೇ ಒಬ್ಬ ಮನುಷ್ಯನ ಮೂಲಕ ನಂಟು ಬಿದ್ದಿದೆ. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಆಸ್ಕರ್ ಮಿಂಕೋವ್‌ಸ್ಕಿ ಅವರೊಡನೆ ಇನ್ಸುಲಿನ್ ತಯಾರಾಗುವ ಮೇದೋಜೀರಕ ಗ್ರಂಥಿಯನ್ನು ನಾಯಿಯಿಂದ ತೆಗೆದುಹಾಕಿ, ಅದರಿಂದ ಮಧುಮೇಹ ಬರುತ್ತದೆಂದು ತೋರಿಸಿದ ಯೋಸೆಫ್ ಫಾನ್ ಮೇರಿಂಗ್ ಅವರೇ, 1903ರಲ್ಲಿ ಎಮಿಲ್ ಫಿಷರ್ ಜೊತೆಗೂಡಿ ಬಾರ್ಬಿಟಾಲ್ ಎಂಬ ನಿದ್ದೆಮದ್ದನ್ನು ವೈದ್ಯರ ಕೈಗೆ ಕೊಟ್ಟವರು. ಫಿನೋಬಾರ್ಬಿಟೋನ್ ಮಾರುಕಟ್ಟೆಗೆ ಬಂದದ್ದು 1912ರಲ್ಲಿ, ಲೂಮಿನಾಲ್ ಎಂಬ ಹೆಸರಿನಲ್ಲಿ. ಆಲ್ಫ್ರೆಡ್ ಹಾಪ್ಟ್‌ಮನ್ ಎಂಬ ಜರ್ಮನ್ ವೈದ್ಯರು ಅದು ನಿದ್ದೆ ಬರಿಸುವುದರ ಜೊತೆಗೆ ಮೂರ್ಛೆಯನ್ನೂ ತಡೆಯುತ್ತದೆ ಎಂಬುದನ್ನು ಅದೇ ವರ್ಷ ಗುರುತಿಸಿದರು. ಇನ್ಸುಲಿನ್ ಕೈಗೆ ಸಿಕ್ಕಿದ್ದು ಅದಾದ ಮೇಲೆ, 1921ರಲ್ಲಿ, ಟೊರಾಂಟೊದಲ್ಲಿ. ರಕ್ತದಲ್ಲಿ ಅದನ್ನು ನಿಖರವಾಗಿ ಅಳೆಯುವ ವಿಧಾನ ದೊರೆಯಲು ರೊಸಾಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್ ಅವರ ಕೆಲಸದವರೆಗೆ, ಅಂದರೆ 1950ರ ದಶಕದ ಕೊನೆಯವರೆಗೆ ಕಾಯಬೇಕಾಯಿತು. ಅಳೆಯಲು ಬಂದ ಮೇಲೆಯೇ "ಇನ್ಸುಲಿನ್ ಹೆಚ್ಚಾಗಿದೆ" ಎಂಬ ಮಾತಿಗೆ ಆಧಾರ ಸಿಕ್ಕಿತು.

1980ರ ದಶಕದಲ್ಲಿ ಔಲು ವಿಶ್ವವಿದ್ಯಾಲಯದ ಸೊಟಾನಿಯೆಮಿ ಮತ್ತು ಸಂಗಡಿಗರು ಒಂದು ಸ್ವಾರಸ್ಯಕರ ಪ್ರಶ್ನೆ ಎತ್ತಿದರು. ಫಿನೋಬಾರ್ಬಿಟೋನ್ ಯಕೃತ್ತಿನಲ್ಲಿ ಔಷಧಗಳನ್ನು ಒಡೆಯುವ ಕಿಣ್ವಗಳನ್ನು ಹೆಚ್ಚಿಸುತ್ತದೆ ಎಂಬುದು ಆಗಲೇ ತಿಳಿದ ಸಂಗತಿ. ಇಂಥ ಕಿಣ್ವವರ್ಧಕ ಔಷಧಗಳು ಎರಡನೇ ಬಗೆಯ ಮಧುಮೇಹ ಇರುವವರಲ್ಲಿ ಇನ್ಸುಲಿನ್ನಿನ ಕೆಲಸವನ್ನೂ ಬದಲಿಸಬಲ್ಲವೇ ಎಂದು ಅವರು ನೋಡಿದರು. ಇನ್ಸುಲಿನ್ನಿಗೆ ದೇಹ ಸ್ಪಂದಿಸುವ ಗುಣ ಸುಧಾರಿಸಿತು ಎಂದು 1985ರಲ್ಲಿ ವರದಿ ಮಾಡಿದರು. ಮುಂದೆ ಇನ್ಸುಲಿನ್ ಹೆಚ್ಚಿರುವ ರೋಗಿಗಳನ್ನೂ ಪ್ರತ್ಯೇಕವಾಗಿ ಪರಿಶೀಲಿಸಿದರು. ಇವು ಕೆಲವೇ ರೋಗಿಗಳ ಮೇಲೆ ನಡೆದ ಅಧ್ಯಯನಗಳು. ಇವನ್ನು ಆಧಾರವಾಗಿಟ್ಟು ಮಧುಮೇಹಕ್ಕೆ ಈ ಮಾತ್ರೆ ಬರೆಯುವ ಪದ್ಧತಿ ಎಲ್ಲಿಯೂ ಬರಲಿಲ್ಲ, ಬರಬೇಕಾಗಿಯೂ ಇಲ್ಲ. ತೂಕಡಿಕೆ, ಚಟವಾಗುವ ಅಪಾಯ, ಇತರ ಔಷಧಗಳ ಬಲ ಕುಗ್ಗಿಸುವ ಗುಣ ಇವೆಲ್ಲವನ್ನೂ ಹೊತ್ತ ಮಾತ್ರೆ ಇದು.

ಕಾರಣ ಗೊತ್ತಾದದ್ದು ಬಹಳ ತಡವಾಗಿ. ಯಕೃತ್ತಿನ ಜೀವಕೋಶಗಳಲ್ಲಿ ಸಿಎಆರ್ ಎಂದು ಕರೆಯುವ ಒಂದು ಗ್ರಾಹಕ ಪ್ರೋಟೀನ್ ಇದೆ. ಫಿನೋಬಾರ್ಬಿಟೋನ್ ಇದನ್ನು ಎಚ್ಚರಿಸಿದಾಗ ಅದು ಜೀವಕೋಶದ ಕೇಂದ್ರಕ್ಕೆ ಸಾಗಿ, ಔಷಧ ಒಡೆಯುವ ಕಿಣ್ವಗಳ ಜೀನ್‌ಗಳನ್ನು ಚುರುಕುಗೊಳಿಸುತ್ತದೆ, ಅದರೊಂದಿಗೇ ಯಕೃತ್ತು ಹೊಸದಾಗಿ ಗ್ಲೂಕೋಸ್ ತಯಾರಿಸಲು ಬೇಕಾದ ಕಿಣ್ವಗಳನ್ನು ತಗ್ಗಿಸುತ್ತದೆ. 2009ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಬೊಜ್ಜು ಬಂದ ಇಲಿಗಳಲ್ಲಿ ಸಿಎಆರ್ ಎಚ್ಚರಗೊಂಡಾಗ ರಕ್ತದ ಸಕ್ಕರೆ ಇಳಿದು ಇನ್ಸುಲಿನ್ನಿಗೆ ಸ್ಪಂದನೆ ಸುಧಾರಿಸಿತು. ಫಿನೋಬಾರ್ಬಿಟೋನ್ ನೇರವಾಗಿ ಸಿಎಆರ್ ಪ್ರೋಟೀನಿಗೆ ಅಂಟಿಕೊಳ್ಳುವುದಿಲ್ಲ, ಜೀವಕೋಶದ ಹೊರಪೊರೆಯ ಮೇಲಿರುವ ಬೆಳವಣಿಗೆಯ ಗ್ರಾಹಕವೊಂದನ್ನು ತಡೆದು ಪರೋಕ್ಷವಾಗಿ ಅದನ್ನು ಬಿಡಿಸುತ್ತದೆ ಎಂದು 2013ರಲ್ಲಿ ನೆಗಿಶಿ ಎಂಬ ಸಂಶೋಧಕರ ತಂಡ ತೋರಿಸಿತು. ಅದೇ ಪ್ರಯೋಗಾಲಯದಿಂದ 2016ರಲ್ಲಿ ಬಂದ ಲೇಖನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು: ಇನ್ಸುಲಿನ್ ತನ್ನ ಗ್ರಾಹಕದ ಮೂಲಕ ಸಿಎಆರ್ ಚಟುವಟಿಕೆಯನ್ನು ಹತ್ತಿಕ್ಕುತ್ತದೆ, ಫಿನೋಬಾರ್ಬಿಟೋನ್ ಆ ಹಿಡಿತವನ್ನು ಸಡಿಲಿಸುತ್ತದೆ. ಒಂದೇ ಬಾಗಿಲನ್ನು ಒಬ್ಬರು ದೂಡಿ ಮುಚ್ಚುತ್ತಿದ್ದರೆ ಮತ್ತೊಬ್ಬರು ತೆರೆಯುತ್ತಿರುವಂತೆ ಇವೆರಡೂ ಯಕೃತ್ತಿನೊಳಗೆ ಎದುರುಬದುರಾಗಿ ಕೆಲಸ ಮಾಡುತ್ತವೆ. ಇಲಿಯಲ್ಲಿ, ಪ್ರಯೋಗಾಲಯದ ಜೀವಕೋಶಗಳಲ್ಲಿ ಕಂಡದ್ದು ಮನುಷ್ಯರಲ್ಲಿ ಅಷ್ಟೇ ಪ್ರಮಾಣದಲ್ಲಿ ನಡೆಯುತ್ತದೆಂದು ಹೇಳಲಾಗದು. ಆದರೆ ಇನ್ಸುಲಿನ್ ಹೆಚ್ಚಿರುವ ಒಬ್ಬ ರೋಗಿ ಫಿನೋಬಾರ್ಬಿಟೋನ್ ಸೇವಿಸುತ್ತಾನೆಂಬುದನ್ನು ಬರೆದುಕೊಳ್ಳದೆ ಅವನ ಅಂಕಿಯನ್ನು ಓದುವುದು ಅರ್ಧ ಓದು ಎಂಬುದಕ್ಕೆ ಇಷ್ಟು ಸಾಕು.

ರಿಪೋರ್ಟ್ ವಿಷಯಕ್ಕೆ ಬರುತ್ತೇನೆ. ಖಾಲಿ ಹೊಟ್ಟೆಯ ಸಕ್ಕರೆ 104 ಮಿಲಿಗ್ರಾಂ, ಇನ್ಸುಲಿನ್ 22 ಮೈಕ್ರೋ ಯೂನಿಟ್. ಇವೆರಡನ್ನೂ ಗುಣಿಸಿ 405ರಿಂದ ಭಾಗಿಸಿದರೆ ಬರುವ, ದೇಹ ಇನ್ಸುಲಿನ್ನಿಗೆ ಎಷ್ಟು ಮಣಿಯುತ್ತಿಲ್ಲ ಎಂಬುದನ್ನು ಅಂದಾಜಿಸುವ ಹೋಮಾ ಸೂಚ್ಯಂಕ 5.6. 1985ರಿಂದ ಬಳಕೆಯಲ್ಲಿರುವ ಈ ಲೆಕ್ಕದಲ್ಲಿ 2.5ರ ಆಸುಪಾಸನ್ನು ಗಡಿಯೆಂದು ಹಿಡಿಯುವ ವೈದ್ಯರು ಹಲವರಿದ್ದಾರೆ, ಹಾಗಾಗಿ ಸಕ್ಕರೆ ಮಧುಮೇಹದ ಮಟ್ಟಕ್ಕೆ ಇನ್ನೂ ಏರದಿದ್ದರೂ ಮೇದೋಜೀರಕ ಗ್ರಂಥಿ ಅದನ್ನು ಹಾಗೆ ಇರಿಸಿಕೊಳ್ಳಲು ಎಷ್ಟು ದುಡಿಯುತ್ತಿದೆ ಎಂಬುದು ಸ್ಪಷ್ಟವಾಯಿತು. ಮೊದಲಿನ 6.1ಕ್ಕೂ ಈ 22ಕ್ಕೂ ಇರುವ ಅಂತರವನ್ನು ನೋಡಿ ವೈದ್ಯರು ಸಿ-ಪೆಪ್ಟೈಡ್ ಸಹ ಮಾಡಿಸಿದರು. ಇನ್ಸುಲಿನ್ ಸ್ರವಿಸುವಾಗ ಅದರ ಜೊತೆಗೆ ಸಮನಾಗಿ ಹೊರಬರುವ ಈ ತುಣುಕು ರಕ್ತದಲ್ಲಿ ಸುಮಾರು ಅರ್ಧ ಗಂಟೆಯ ಅರ್ಧಾಯುಷ್ಯ ಹೊಂದಿದ್ದರೆ, ಇನ್ಸುಲಿನ್ನಿನದು ಕೆಲವೇ ನಿಮಿಷ. ಇನ್ಸುಲಿನ್ನಿನ ಅರ್ಧದಷ್ಟನ್ನು ಯಕೃತ್ತು ಮೊದಲ ಸುತ್ತಿನಲ್ಲೇ ಹಿಡಿದುಬಿಡುತ್ತದೆ. ಹಾಗಾಗಿ ಅನುಮಾನ ಬಂದಾಗ ಸಿ-ಪೆಪ್ಟೈಡ್ ಸಾಕ್ಷಿ ಹೆಚ್ಚು ಗಟ್ಟಿ. ಅದೂ ಹೆಚ್ಚೇ ಇತ್ತು, 22 ಎಂಬ ಅಂಕಿ ನಿಂತಿತು.

ಇಲ್ಲಿನ ಪೆಥಾಲಜಿಸ್ಟ್ ಮಾಡಿದ ಒಂದು ಕೆಲಸವನ್ನು ನಾನು ವಿಶೇಷವಾಗಿ ಹೇಳಲೇಬೇಕು. ಯಕೃತ್ತಿನ ಪರೀಕ್ಷೆಗಳಲ್ಲಿ ಜಿಜಿಟಿ ಎಂಬ ಕಿಣ್ವ ಮಾತ್ರ ಏರಿತ್ತು, ಉಳಿದವು ಸರಿಯಾಗಿದ್ದವು. ಈ ಅಂಕಿ ಕಂಡ ಕೂಡಲೇ ಕುಡಿತದ ಪ್ರಶ್ನೆ ಬರುವುದು ಸಾಮಾನ್ಯ, ಮತ್ತು ಹೆಂಡ ಮುಟ್ಟದ ಚಿಕ್ಕಪ್ಪ ಇಂಥ ಪ್ರಶ್ನೆಯನ್ನು ಬೇರೆಡೆ ಮನೆಯವರೆದುರು ಎದುರಿಸಿ ನೊಂದಿದ್ದಾರೆ. ಈ ಪೆಥಾಲಜಿಸ್ಟ್ ನೋಂದಣಿ ಚೀಟಿಯಲ್ಲಿದ್ದ ಮಾತ್ರೆಯ ಹೆಸರನ್ನು ನೋಡಿ, ಫಿನೋಬಾರ್ಬಿಟೋನ್ ಸೇವಿಸುವವರಲ್ಲಿ ಕಿಣ್ವ ಪ್ರಚೋದನೆಯಿಂದಲೇ ಜಿಜಿಟಿ ಏರಬಹುದೆಂದು ಫೋನಿನಲ್ಲಿ ನಮಗೂ ತಿಳಿಸಿ, ವೈದ್ಯರಿಗೂ ಒಂದು ಸಾಲು ಬರೆದು ಕಳುಹಿಸಿದರು. ಒಬ್ಬ ಮರ್ಯಾದಸ್ಥ ರೈತನಿಗೆ ಆ ಒಂದು ಸಾಲು ಎಷ್ಟು ದೊಡ್ಡದೆಂಬುದನ್ನು ನಾನು ಬಲ್ಲೆ.

ಫಿನೋಬಾರ್ಬಿಟೋನ್ ಪ್ರಮಾಣ ಮಿಲಿಲೀಟರಿಗೆ 18 ಮೈಕ್ರೋಗ್ರಾಂ ಬಂತು. ಸಾಮಾನ್ಯವಾಗಿ 15ರಿಂದ 40ರೊಳಗೆ ಇದ್ದರೆ ಸರಿಯೆನ್ನುತ್ತಾರೆ. ವೈದ್ಯರು ಆ ಮಾತ್ರೆಯನ್ನು ಮುಟ್ಟಲಿಲ್ಲ. ಇನ್ಸುಲಿನ್ ಹೆಚ್ಚಾಗಲು ಅದು ಕಾರಣವೆನ್ನುವುದಕ್ಕೆ ಸಂಶೋಧನೆಯ ಬೆಂಬಲವಿಲ್ಲ, ಫಿಟ್ಸ್ ಹಿಡಿತದಲ್ಲಿದೆ, ಮೇಲಾಗಿ ಈ ಮಾತ್ರೆಯನ್ನು ಹಠಾತ್ತಾಗಿ ನಿಲ್ಲಿಸಿದರೆ ಒಂದರ ಹಿಂದೊಂದು ಫಿಟ್ಸ್ ಬರುವ ಗಂಡಾಂತರವಿದೆ ಎಂದರು. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ಆರಂಭಿಸಿದರು, ಅದು ಯಕೃತ್ತಿನಲ್ಲಿ ಒಡೆಯದೆ ಮೂತ್ರದಲ್ಲಿ ಹಾಗೆಯೇ ಹೊರಹೋಗುವುದರಿಂದ ಫಿನೋಬಾರ್ಬಿಟೋನ್ ಅದರ ಬಲವನ್ನು ಕುಗ್ಗಿಸಲಾರದು. ನಡಿಗೆ, ರಾತ್ರಿಯ ಅನ್ನದ ಪ್ರಮಾಣ, ಟೀಗೆ ಹಾಕುವ ಸಕ್ಕರೆ ಇವುಗಳ ಬಗ್ಗೆ ಹೇಳಬೇಕಾದ್ದನ್ನೆಲ್ಲ ಹೇಳಿದರು.

ಲ್ಯಾಬಿನ ಕೊರತೆಗಳನ್ನೂ ಮುಚ್ಚಿಡುವುದಿಲ್ಲ. ನೋಂದಣಿಯಲ್ಲಿ ಅಷ್ಟು ಕಾಳಜಿಯಿಂದ ಬರೆದುಕೊಂಡ ಮಾತ್ರೆಯ ಹೆಸರು ಮುದ್ರಿತ ರಿಪೋರ್ಟಿನಲ್ಲಿ ಇರುವುದೇ ಇಲ್ಲ. ನಾಳೆ ಈ ಹಾಳೆಯನ್ನು ಬೇರೆ ವೈದ್ಯರ ಮುಂದೆ ಇಟ್ಟರೆ ಅವರಿಗೆ ಬರಿಯ ಅಂಕಿಗಳು ಕಾಣುತ್ತವೆ, ಪೆಥಾಲಜಿಸ್ಟ್ ಮಾಡಿದ ಒಳ್ಳೆಯ ಕೆಲಸ ಕಾಣುವುದಿಲ್ಲ. ಇದು ನನ್ನ ಮಟ್ಟಿಗೆ ದೊಡ್ಡ ಲೋಪ, ಒಂದು ಅಂಕ ಕಡಿಮೆ ಮಾಡಿದ್ದು ಇದಕ್ಕಾಗಿಯೇ. ರಕ್ತ ತೆಗೆದ ಸಮಯವನ್ನೂ ಸೀರಂ ಬೇರ್ಪಡಿಸಿದ ಸಮಯವನ್ನೂ ರಿಪೋರ್ಟಿನಲ್ಲಿ ಕೊಟ್ಟರೆ ಇನ್ಸುಲಿನ್ ಅಂಕಿಯನ್ನು ಎಷ್ಟು ನಂಬಬೇಕೆಂದು ಓದುವವರೇ ತೀರ್ಮಾನಿಸಬಹುದು. ಕನ್ನಡದಲ್ಲಿ ಒಂದು ಅಕ್ಷರವೂ ಇಲ್ಲ. ಶ್ರೀನಿವಾಸಪುರ, ಮುಳಬಾಗಿಲು, ಮಾಲೂರಿನ ಹಳ್ಳಿಗಳಿಂದ ಬರುವವರೇ ಹೆಚ್ಚಾಗಿರುವ ಕಡೆ, ಕನಿಷ್ಠ ಪರೀಕ್ಷೆಗೆ ಮೊದಲಿನ ಸೂಚನೆಗಳನ್ನಾದರೂ ಕನ್ನಡದಲ್ಲಿ ಗೋಡೆಗೆ ಹಚ್ಚಬಾರದೇ? ಫಿನೋಬಾರ್ಬಿಟೋನ್ ಪರೀಕ್ಷೆ ಇಲ್ಲೇ ಆಗುವುದಿಲ್ಲ, ಬೆಂಗಳೂರಿಗೆ ಹೋಗಿ ಬರುತ್ತದೆ, ಹಾಗಾಗಿ ಎರಡು ರಿಪೋರ್ಟುಗಳೂ ಒಟ್ಟಿಗೆ ಕೈಸೇರುವುದಿಲ್ಲ. ಇನ್ಸುಲಿನ್ ಪರೀಕ್ಷೆಯ ದರ ಸಕ್ಕರೆ ಪರೀಕ್ಷೆಯ ದರದ ಹಲವು ಪಟ್ಟು ಎಂಬುದನ್ನು ನೋಂದಣಿಯಲ್ಲೇ ಬಾಯಿಬಿಟ್ಟು ಹೇಳಿದರು, ಅದಕ್ಕೆ ದೂರಿಲ್ಲ.

ಹೋಗುವವರಿಗೆ ಕೆಲವು ಮಾತು. ಇನ್ಸುಲಿನ್ ಪರೀಕ್ಷೆಗೆ ಎಂಟರಿಂದ ಹನ್ನೆರಡು ಗಂಟೆ ಏನನ್ನೂ ತಿಂದಿರಬಾರದು, ನೀರು ಕುಡಿಯಬಹುದು. ರಾತ್ರಿಯ ಮುದ್ದೆಯನ್ನು ಎಂಟರೊಳಗೆ ಮುಗಿಸಿ, ಬೆಳಗಿನ ಮೊದಲ ಬಸ್ಸು ಹಿಡಿದರೆ ಸರಿಹೋಗುತ್ತದೆ. ಉಪವಾಸವೆಂದು ಫಿಟ್ಸ್ ಮಾತ್ರೆಯನ್ನು ತಪ್ಪಿಸಬಾರದು. ರಾತ್ರಿಯ ಮಾತ್ರೆ ರಾತ್ರಿಯೇ ಆಗಲಿ, ಬೆಳಿಗ್ಗೆ ಸೇವಿಸುವವರು ರಕ್ತ ಕೊಟ್ಟ ಕೂಡಲೇ ಸೇವಿಸಲಿ, ಅದಕ್ಕೆ ಬೇಕಾದ ತಿಂಡಿ ನೀರು ಜೊತೆಯಲ್ಲೇ ಇರಲಿ. ಫಿನೋಬಾರ್ಬಿಟೋನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಮೂರು ನಾಲ್ಕು ದಿನ ಬೇಕಾಗುವುದರಿಂದ, ಮಾತ್ರೆಯ ಪ್ರಮಾಣವನ್ನು ಬದಲಿಸಿದ ಕೂಡಲೇ ಅದರ ಮಟ್ಟ ನೋಡಿಸುವುದು ವ್ಯರ್ಥ ಖರ್ಚು. ಎರಡು ಮೂರು ವಾರ ಕಳೆಯಲಿ. ಕೂದಲು, ಉಗುರಿಗೆಂದು ಬಯೋಟಿನ್ ಇರುವ ಮಾತ್ರೆ ಸೇವಿಸುವವರು ಅದನ್ನು ಕೌಂಟರಿನಲ್ಲಿ ಹೇಳಬೇಕು, ಏಕೆಂದರೆ ಕೆಲವು ಯಂತ್ರಗಳಲ್ಲಿ ಬಯೋಟಿನ್ ಇನ್ಸುಲಿನ್ ಅಂಕಿಯನ್ನು ತಗ್ಗಿಸಿ ತೋರಿಸುತ್ತದೆ. ಅಂಥವರಿಗೆ ಇಲ್ಲಿ ಕನಿಷ್ಠ ಎರಡು ದಿನ ಬಿಟ್ಟು ಬರಲು ಹೇಳುತ್ತಾರೆ. ಸೇವಿಸುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಮುದ್ರಿತ ರಿಪೋರ್ಟಿನಲ್ಲಿ ಔಷಧದ ಹೆಸರು ಬರುವ ವ್ಯವಸ್ಥೆಯಾಗುವವರೆಗೆ, ರಿಪೋರ್ಟ್ ಕೈಗೆ ಬಂದಾಗ ಅದರ ಮೇಲ್ಭಾಗದಲ್ಲಿ ಮಾತ್ರೆಯ ಹೆಸರನ್ನೂ ಪ್ರಮಾಣವನ್ನೂ ಪೆಥಾಲಜಿಸ್ಟ್ ಕೈಯಲ್ಲೇ ಬರೆಸಿ ಸಹಿ ಹಾಕಿಸಿಕೊಳ್ಳಿ. ಕೇಳಿದರೆ ಬರೆದುಕೊಡುತ್ತಾರೆ, ನಮಗೂ ಬರೆದುಕೊಟ್ಟರು.